ಅನುಮಾನದ ಎರಡು ಅರ್ಥಗಳು

ಅನುಮಾನ ಎಂಬ ಶಬ್ದಕ್ಕೆ ನಮ್ಮ ಬಳಕೆಯಲ್ಲಿ ಎರಡು ಅರ್ಥಗಳಿವೆ. ತರ್ಕಶಾಸ್ತ್ರದಲ್ಲಿ ಅದೊಂದು ಪ್ರಮಾಣ. ಕಂಡ ಹೊಗೆಯಿಂದ ಕಾಣದ ಬೆಂಕಿಯನ್ನು ತಿಳಿಯುವ ಮಾರ್ಗ. ಮನೆಮಾತಿನಲ್ಲಿ ಅದು ಸಂಶಯ. ಮತ್ತೊಬ್ಬರ ಮೇಲೆ ಮನಸ್ಸಿನೊಳಗೇ ಹೊರಿಸುವ ಅಪವಾದ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಕಂಠಪಾಠ ಮಾಡಿದ ನಮಗೆ ಮೊದಲನೆಯ ಅರ್ಥ ಚೆನ್ನಾಗಿ ತಿಳಿದಿದೆಯೆಂಬ ಅಭಿಮಾನವಿತ್ತು. ಅರವತ್ತು ದಾಟಿದ ಮೇಲೆ, ಮನೆಯ ಗಣಕಯಂತ್ರವೊಂದರ ನಿಮಿತ್ತವಾಗಿ, ನಾವು ಎರಡನೆಯ ಅರ್ಥದಲ್ಲಿ ಜಾರಿಬಿದ್ದೆವು. ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಇಂದು ಗಣಕಯಂತ್ರವಾಗಲಿ ಅಂತರ್ಜಾಲದ ಸಂಪರ್ಕವಾಗಲಿ ಇಲ್ಲದ ಮನೆ ವಿರಳವಾಗಿರುವುದರಿಂದ, ಸಹೃದಯ ಓದುಗರಿಗೆ ಇದರಿಂದ ಪ್ರಯೋಜನವಾದೀತೆಂದು ಬರೆಯುತ್ತಿದ್ದೇವೆ.

ಧಾರವಾಡದ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಒಂದು ಕೆಲಸ ನಡೆದಿದೆ. ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ, ಅಟ್ಟದ ಮೇಲೆ ಉಳಿದಿರುವ ಓಲೆಕಟ್ಟುಗಳನ್ನು ಬೇಡಿ ತಂದು, ಪ್ರತಿಯೊಂದು ಗರಿಯ ಚಿತ್ರವನ್ನೂ ಗಣಕಯಂತ್ರಕ್ಕೆ ಇಳಿಸಿ, ಕಟ್ಟನ್ನು ಮತ್ತೆ ಮನೆಯವರಿಗೆ ಒಪ್ಪಿಸುವುದು. ಹೀಗೆ ಹನ್ನೊಂದು ಕಟ್ಟುಗಳಿಂದ ಸುಮಾರು 4,800 ಚಿತ್ರಗಳಾದವು. ಒಂದೊಂದು ಚಿತ್ರ 25 ಮೆಗಾಬೈಟಿನಂತೆ ಒಟ್ಟು 120 ಗಿಗಾಬೈಟಿನಷ್ಟು ಸಂಗ್ರಹ. ನಮ್ಮಲ್ಲಿಯೇ ಉಂಡು, ಕಾಲೇಜಿನಲ್ಲಿ ಓದುತ್ತಿರುವ ಹುಡುಗನೊಬ್ಬ ಈ ಕೆಲಸದಲ್ಲಿ ನಮಗೆ ಕೈನೆರವಾಗಿದ್ದಾನೆ.

ಆ ಕಟ್ಟುಗಳಲ್ಲಿ ಮೂರನೆಯದು ಒಂದು ಮನೆತನದ ವೈದ್ಯದ ಓಲೆ. ಅದನ್ನು ಕೊಡುವಾಗ ಮನೆಯ ಹಿರಿಯ ತಾಯಿ ನಮ್ಮ ಕೈ ಹಿಡಿದು ಹೇಳಿದ್ದು ಇಷ್ಟೆ: “ಗುರುಗಳ, ಇದು ನಮ್ಮ ಮಾವನವರು ಜ್ವಾಪಾನ ಮಾಡಿದ್ದು. ನಿಮ್ಮ ಮನಿಯೊಳಗ ಎಷ್ಟ ದಿನಾ ಬೇಕಾದ್ರೂ ಇರ್ಲಿ. ಮಂದಿ ಕೈಗೆ ಮಾತ್ರ ಹೋಗಬಾರದ್ರಿ.” ನಾವು ಮಾತು ಕೊಟ್ಟೆವು. ಓಲೆ ಎರಡು ತಿಂಗಳಲ್ಲಿ ಹಿಂದಿರುಗಿತು. ಚಿತ್ರಗಳು ನಮ್ಮಲ್ಲಿ ಉಳಿದವು. ಕೊಟ್ಟ ಮಾತು ಚಿತ್ರಗಳಿಗೂ ಅನ್ವಯಿಸುವುದೆಂದು ನಾವು ಅಂದೇ ತಿಳಿದಿದ್ದೆವು.

ಇನ್ನು ಯಂತ್ರದ ವಿಷಯ. 2019ರಲ್ಲಿ ಗಣಕಕ್ಕೆ ಹೊಸ ಹಾರ್ಡ್ ಡಿಸ್ಕ್ ಹಾಕಿಸಿದ ದಿನವೇ ಹುಡುಗನು ಅದರ ವೇಗವನ್ನು ಅಳೆದು ತೋರಿಸಿದ. ಇಂಥ ಅಳತೆಗೆ ಬೆಂಚ್‌ಮಾರ್ಕ್ ಎಂದು ಹೆಸರು. ಭೂಮಾಪಕರು ಎತ್ತರವನ್ನು ಗೊತ್ತುಪಡಿಸಲು ಕಲ್ಲಿನ ಮೇಲೆ ಕೆತ್ತುತ್ತಿದ್ದ ಗುರುತಿನಿಂದ ಬಂದ ಮಾತಿದು. ಮುಂದಿನ ಎಲ್ಲ ಅಳತೆಗಳಿಗೂ ಅದೇ ಆಧಾರ. ನಮಗೆ ಇದು ಬಹಳ ಹಿಡಿಸಿತು. ಅಂದಿನಿಂದ ಪ್ರತಿ ತಿಂಗಳ ಮೊದಲ ದಿನ ಅಳತೆ ತೆಗೆದು, ಗ್ರಾಫ್ ಹಾಳೆಯ ಮೇಲೆ ಚುಕ್ಕೆಯಿಟ್ಟು, ಗೆರೆ ಕೂಡಿಸುವುದು ನಮ್ಮ ಪರಿಪಾಠವಾಯಿತು.

ಆ ಗೆರೆ ಎಡದಿಂದ ಬಲಕ್ಕೆ ಮೆಲ್ಲಗೆ ಇಳಿಯುತ್ತಿತ್ತು. ಡಿಸ್ಕಿನ ಆರಂಭದಲ್ಲಿ ಸೆಕೆಂಡಿಗೆ 168 ಮೆಗಾಬೈಟು, ನಡುವೆ 135, ಕೊನೆಯಲ್ಲಿ 82. ಇದು ದೋಷವಲ್ಲ, ಅದರ ಸ್ವಭಾವ. ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಹೂಡಿ ತುಳಿಸುವಾಗ, ಒಂದೇ ಸುತ್ತಿನಲ್ಲಿ ಒಳಗಿನ ಎತ್ತಿಗಿಂತ ಹೊರಗಿನ ಎತ್ತು ಹೆಚ್ಚು ದಾರಿ ನಡೆಯುವುದನ್ನು ನಮ್ಮ ಒಕ್ಕಲು ಮನೆತನದವರೆಲ್ಲರೂ ಕಂಡಿದ್ದಾರೆ. ಡಿಸ್ಕಿನ ತಟ್ಟೆಯೂ ಹಾಗೆಯೇ. ನಿಮಿಷಕ್ಕೆ 7,200 ಸುತ್ತು ತಿರುಗುವ ಆ ತಟ್ಟೆಯಲ್ಲಿ ಹೊರಸುತ್ತು ಉದ್ದ, ಒಳಸುತ್ತು ಗಿಡ್ಡ. ಉದ್ದನೆಯ ಸುತ್ತಿನಲ್ಲಿ ಹೆಚ್ಚು ಮಾಹಿತಿ ಹಿಡಿಸುವುದರಿಂದ ಅಲ್ಲಿಯ ಓದು ವೇಗವಾಗಿರುತ್ತದೆ. ಬರವಣಿಗೆಯು ಹೊರಗಿನಿಂದ ಆರಂಭವಾಗಿ ಒಳಕ್ಕೆ ಸಾಗುವುದರಿಂದ ಗೆರೆ ಇಳಿಮುಖವಾಗುತ್ತದೆ.

2022ರ ಆಷಾಢದ ಕೊನೆಯಲ್ಲಿ ಗಣಕಯಂತ್ರವು ಮಂದವಾಯಿತು. ಒಂದು ಗರಿಯ ಚಿತ್ರ ತೆರೆಯುವಷ್ಟರಲ್ಲಿ ಒಂದು ಲೋಟ ಕಷಾಯ ಕುಡಿದು ಮುಗಿಸಬಹುದಾಗಿತ್ತು. ಅಳತೆ ತೆಗೆದೆವು. 168 ಇರಬೇಕಾದಲ್ಲಿ 60, ಕೆಲವೆಡೆ 41. ಗೆರೆಯು ಇಳಿಜಾರಾಗಿರದೆ, ಮಳೆಗಾಲದ ಬಂಡಿದಾರಿಯಂತೆ ತಗ್ಗುದಿಣ್ಣೆಯಾಗಿತ್ತು. ಡಿಸ್ಕು ಸಾಯುತ್ತಿದೆಯೆಂದು ಹೆದರಿದೆವು. ಹಾರ್ಡ್ ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಕೆಟ್ಟ ಜಾಗವನ್ನು ಬಿಟ್ಟು ಬೇರೆಡೆಗೆ ಬರೆದ ಸಂದರ್ಭಗಳು ಎಷ್ಟೆಂಬುದೂ ಅದರಲ್ಲಿ ದಾಖಲಾಗುತ್ತದೆ. ಅದನ್ನು ತೆರೆದು ನೋಡಿದರೆ ಆ ಅಂಕಿ ಸೊನ್ನೆಯಾಗಿತ್ತು.

ಅದೇ ವಾರ ಅಂತರ್ಜಾಲ ಒದಗಿಸುವವರಿಂದ ಸಂದೇಶ ಬಂದಿತು: ತಿಂಗಳ ಬಳಕೆಯ ಮಿತಿಯ ಬಹುಪಾಲು ಮುಗಿದಿದೆ. ನಮ್ಮ ಬಳಕೆ ಪತ್ರವ್ಯವಹಾರಕ್ಕೂ ನಿಘಂಟು ನೋಡುವುದಕ್ಕೂ ಸೀಮಿತ. ಹಾಗಾದರೆ ಉಳಿದದ್ದು ಯಾರದು? ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಗಣಕದ ಮುಂದೆ ಕೂಡುವವನು ಹುಡುಗನೊಬ್ಬನೇ.

ನಾವು ಹಿಂದೊಮ್ಮೆ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಜ್ಞನ ವೃತ್ತಾಂತವನ್ನು ಓದಿದ್ದೆವು. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಗಣಕಗಳ ಬಳಕೆಯ ಲೆಕ್ಕದಲ್ಲಿ ಕೇವಲ 75 ಸೆಂಟುಗಳ ವ್ಯತ್ಯಾಸ ಬಂದಿತು. ಆತನು ಅದನ್ನು ಅಲಕ್ಷಿಸದೆ ಬೆನ್ನುಹತ್ತಿದಾಗ, ಜರ್ಮನಿಯ ಹ್ಯಾನೋವರಿನಲ್ಲಿ ಕುಳಿತು ಅಮೆರಿಕದ ಸೈನ್ಯದ ಗಣಕಗಳನ್ನು ಹೊಗುತ್ತಿದ್ದ, ಅಲ್ಲಿಯ ಮಾಹಿತಿಯನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದ ಒಬ್ಬಾತನು ಸಿಕ್ಕಿಬಿದ್ದನು. ಆ ಕಥೆಯಿಂದ ಲೆಕ್ಕದ ಶ್ರದ್ಧೆಯನ್ನು ಕಲಿಯಬೇಕಾಗಿದ್ದ ನಾವು ಕಳ್ಳನನ್ನು ಮಾತ್ರ ಕಲಿತೆವು. ಕಳ್ಳನು ಸಿದ್ಧವಾಗಿಯೇ ಮನೆಯಲ್ಲಿದ್ದನು.

ಹುಡುಗನನ್ನು ಏನೂ ಕೇಳಲಿಲ್ಲ. ಕೇಳದಿರುವುದೇ ದೊಡ್ಡತನವೆಂದು ತಿಳಿದೆವು. ರಾತ್ರಿ ಒಂಬತ್ತಕ್ಕೆ ಗಣಕದ ಕೋಣೆಗೆ ಬೀಗ ಹಾಕತೊಡಗಿದೆವು. ಮಾತು ಕಡಿಮೆ ಮಾಡಿದೆವು. ಅವನು ತಾಟಿನ ಮುಂದೆ ತಲೆತಗ್ಗಿಸಿ ಉಂಡು ಏಳುತ್ತಿದ್ದ. ಆ ತಗ್ಗಿದ ತಲೆಯನ್ನೂ ನಾವು ತಪ್ಪಿನ ಲಕ್ಷಣವೆಂದೇ ಎಣಿಸಿದೆವು. ಹೀಗೆ ಹನ್ನೊಂದು ದಿನ ಕಳೆದವು. ಪಂಚಮಿಯ ಹಬ್ಬಕ್ಕೆ ಅವನು ಊರಿಗೆ ಹೋದನು.

ಅವನು ಹೋದ ಮರುದಿನ ಬೆಳಗ್ಗೆ ಅಳತೆ ತೆಗೆದರೆ ಗೆರೆಯು ಹಾಗೆಯೇ ತಗ್ಗುದಿಣ್ಣೆ! ಸಂಪರ್ಕದ ಪೆಟ್ಟಿಗೆಯ ಮೇಲಿನ ಹಸಿರು ದೀಪ ಬಿಡುವಿಲ್ಲದೆ ಮಿನುಗುತ್ತಿತ್ತು. ನಮ್ಮ ಮೈ ಜುಮ್ಮೆಂದಿತು. ಐವತ್ತು ವರ್ಷಗಳ ಹಿಂದಿನ ಪಾಠ ಆಗ ನೆನಪಾಯಿತು. ಎಲ್ಲಿ ಹೊಗೆಯಿದೆಯೋ ಅಲ್ಲಿ ಬೆಂಕಿಯಿದೆ, ಅಡುಗೆಮನೆಯಲ್ಲಿರುವಂತೆ, ಇದು ಅನ್ವಯ. ಎಲ್ಲಿ ಬೆಂಕಿಯಿಲ್ಲವೋ ಅಲ್ಲಿ ಹೊಗೆಯಿಲ್ಲ, ಮಡುವಿನಲ್ಲಿರುವಂತೆ, ಇದು ವ್ಯತಿರೇಕ. ಎರಡೂ ಕೂಡಿದಲ್ಲದೆ ನಿಶ್ಚಯವಿಲ್ಲ. ಹುಡುಗನಿದ್ದಾಗ ಯಂತ್ರ ಮಂದವಾಗಿದೆಯೆಂದು ಅನ್ವಯವನ್ನು ಹಿಡಿದ ನಾವು, ಹುಡುಗನಿಲ್ಲದಾಗ ಏನಾಗುತ್ತದೆಂದು ನೋಡಿರಲೇ ಇಲ್ಲ.

ಈಗ ಕ್ರಮವಾಗಿ ಕುಳಿತೆವು. ಸಂಪರ್ಕದ ತಂತಿಯನ್ನು ಕಿತ್ತು ಅಳೆದೆವು. ಗೆರೆ ನಯವಾಗಿ 168ರಿಂದ 82ಕ್ಕೆ ಇಳಿಯಿತು. ಮತ್ತೆ ತಂತಿ ಸೇರಿಸಿದೆವು, ತಗ್ಗುದಿಣ್ಣೆ ಮರಳಿತು. ಮೂರು ಬಾರಿ ಹೀಗೆ ಮಾಡಿದರೂ ಫಲ ಒಂದೇ. ಡಿಸ್ಕಿನ ರೋಗಕ್ಕೂ ತಂತಿಯ ಸಂಚಾರಕ್ಕೂ ಒಂದೇ ಕಾರಣವಿರಬೇಕೆಂದು ಸ್ಪಷ್ಟವಾಯಿತು.

ವಿಂಡೋಸ್ ಗಣಕಗಳಲ್ಲಿ ರಿಸೋರ್ಸ್ ಮಾನಿಟರ್ ಎಂಬುದೊಂದಿದೆ. ಯಾವ ಕಾರ್ಯಕ್ರಮವು ಡಿಸ್ಕಿನಿಂದ ಎಷ್ಟು ಓದುತ್ತಿದೆ, ಹೊರಗೆ ಎಷ್ಟು ಕಳುಹಿಸುತ್ತಿದೆ, ಹೊರಗಿನಿಂದ ಎಷ್ಟು ಪಡೆಯುತ್ತಿದೆ ಎಂಬುದನ್ನು ಅದು ಬೇರೆಬೇರೆಯಾಗಿ ತೋರಿಸುತ್ತದೆ. ನಮ್ಮ ಮೊದಲ ತಪ್ಪು ಇಲ್ಲಿಯೇ ಬಯಲಾಯಿತು. ಸಿನಿಮಾ ನೋಡುವವನ ಮನೆಗೆ ಮಾಹಿತಿ ಹೊರಗಿನಿಂದ ಬರುತ್ತದೆ. ನಮ್ಮ ಮನೆಯಲ್ಲಿ ಬರುತ್ತಿದ್ದುದು ಅತ್ಯಲ್ಪ. ಹೋಗುತ್ತಿದ್ದುದು ಸೆಕೆಂಡಿಗೆ ಸುಮಾರು 2,50,000 ಬೈಟು! ಸಂದೇಶದಲ್ಲಿದ್ದ ಒಟ್ಟು ಮೊತ್ತವನ್ನಷ್ಟೇ ಓದಿದ ನಾವು, ಅದು ಯಾವ ದಿಕ್ಕಿಗೆ ಹರಿಯಿತೆಂದು ಕೇಳಿರಲಿಲ್ಲ.

ಲೆಕ್ಕ ಹಾಕಿದೆವು. ತಂತಿಯ ವೇಗವನ್ನು ಬಿಟ್ಟುಗಳಲ್ಲಿ ಹೇಳುತ್ತಾರೆ, ಡಿಸ್ಕಿನದನ್ನು ಬೈಟುಗಳಲ್ಲಿ. 8 ಬಿಟ್ಟಿಗೆ ಒಂದು ಬೈಟು. ಹೊರಗೆ ಕಳುಹಿಸಲು ನಮಗಿದ್ದ ವೇಗ 2 ಮೆಗಾಬಿಟ್ಟು, ಅಂದರೆ ಸೆಕೆಂಡಿಗೆ ಕಾಲು ಮೆಗಾಬೈಟು, ಗಂಟೆಗೆ 900 ಮೆಗಾಬೈಟು. ಗಣಕವು ದಿನಕ್ಕೆ ಏಳು ಗಂಟೆ ನಡೆದರೆ ಆರು ಗಿಗಾಬೈಟಿಗೂ ಹೆಚ್ಚು. ತಂತಿಯು ತುಂಬಿ ಹರಿಯುತ್ತಿತ್ತು.

ಕಳುಹಿಸುತ್ತಿದ್ದ ಕಾರ್ಯಕ್ರಮದ ಹೆಸರನ್ನು ನೋಡಿದೊಡನೆ ಕಳ್ಳನಾರೆಂದು ತಿಳಿಯಿತು. ಚಿತ್ರಗಳ ಪ್ರತಿಯನ್ನು ಇಡಲೆಂದು ಆಷಾಢದಲ್ಲಿ ನಾವೇ ಕೊಂಡ ಹೊರ ಡಿಸ್ಕಿನೊಡನೆ ಬಂದಿದ್ದ ಕಾರ್ಯಕ್ರಮವದು. ಅದು ನಮ್ಮ ಚಿತ್ರಗಳನ್ನೆಲ್ಲ ಒಂದೊಂದಾಗಿ ಓದಿ, ಹೋಲಿಸಿ, ದೂರದ ಯಾವುದೋ ಉಗ್ರಾಣಕ್ಕೆ ಸಾಗಿಸುತ್ತಿತ್ತು. ಒಂದೇ ಓಲೆಕಟ್ಟಿನ ಬೇರೆಬೇರೆ ಗರಿಗಳನ್ನು ಇಬ್ಬರು ಲಿಪಿಕಾರರು ಏಕಕಾಲಕ್ಕೆ ಪ್ರತಿ ಮಾಡಲು ಕುಳಿತರೆ, ಬರೆಯುವುದಕ್ಕಿಂತ ಗರಿ ಮಗುಚುವುದರಲ್ಲಿಯೇ ಹೊತ್ತು ಹೋಗುವುದಲ್ಲವೇ? ಡಿಸ್ಕಿನ ಓದುಮುಳ್ಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದು, ಬೇಕಾದ ಜಾಗ ತಿರುಗಿ ಬರುವವರೆಗೆ ಕಾಯಲು ಸುಮಾರು 12 ಮಿಲಿಸೆಕೆಂಡು ಬೇಕು. ಹೀಗೆ ಅಲೆದಾಡಿಸಿದರೆ ಸೆಕೆಂಡಿಗೆ 80 ಬಾರಿಗಿಂತ ಹೆಚ್ಚು ಓದಲಾಗದು. ಆ ಕಾರ್ಯಕ್ರಮವನ್ನು ನಿಲ್ಲಿಸಿ, ತಂತಿಯನ್ನು ಹಾಗೆಯೇ ಬಿಟ್ಟು ಅಳೆದೆವು. ಗೆರೆ ನಯವಾಯಿತು. ನಿಶ್ಚಯವಾಯಿತು.

ಆಗ ಇನ್ನೊಂದು ನೆನಪು ಬಂದಿತು. ಆ ಹೊರ ಡಿಸ್ಕನ್ನು ಜೋಡಿಸಿದ ದಿನ ಹುಡುಗನು, “ಗುರುಗಳ, ಏನೋ ಒಪ್ಪಿಗಿ ಕೇಳಲಿಕತ್ತದ, ಒಮ್ಮೆ ಓದಿ ನೋಡ್ರಿ” ಎಂದಿದ್ದನು. ಪಾಠಾಂತರವೊಂದರಲ್ಲಿ ಮುಳುಗಿದ್ದ ನಾವು ತಲೆಯೆತ್ತದೆ, “ಒಪ್ಪಿಕೊಂಡು ಮುಂದೆ ಹೋಗು” ಎಂದಿದ್ದೆವು. ಒಂದಕ್ಷರದ ವ್ಯತ್ಯಾಸಕ್ಕಾಗಿ ದಿನವಿಡೀ ಕೂಡುವವರು, ನಮ್ಮ ಒಪ್ಪಿಗೆಯ ಪತ್ರವನ್ನು ಓದದೆ ರುಜು ಹಾಕಿದ್ದೆವು. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆಯನ್ನು ಎಷ್ಟು ಸಲ ಇತರರಿಗೆ ಹೇಳಿದ್ದೆವೋ!

ಹದಿನಾರು ದಿನಗಳಲ್ಲಿ ಸುಮಾರು 95 ಗಿಗಾಬೈಟು ಹೋಗಿತ್ತು. ಕಟ್ಟುಗಳು ಕ್ರಮಸಂಖ್ಯೆಯಂತೆ ಹೋಗಿದ್ದವು. ಮೂರನೆಯದು ಪೂರ್ತಿಯಾಗಿ ಹೋಗಿತ್ತು.

ಹುಡುಗನು ಊರಿನಿಂದ ಬಂದಕೂಡಲೇ ಎದುರು ಕೂಡಿಸಿಕೊಂಡು ಎಲ್ಲವನ್ನೂ ಹೇಳಿ, ಕ್ಷಮೆ ಬೇಡಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ಕೇಳಿದ್ದರ ನಾನ ಹೇಳ್ತಿದ್ದೆ ಗುರುಗಳ” ಎಂದನು. ಆಮೇಲೆ ಇಬ್ಬರೂ ಕುಳಿತು ಆ ಉಗ್ರಾಣದಲ್ಲಿದ್ದುದನ್ನೆಲ್ಲ ಅಳಿಸಿದೆವು. ಅಳಿಸಿದ್ದು ಅಲ್ಲಿಯ ಕಸದ ಬುಟ್ಟಿಯಲ್ಲಿ 30 ದಿನ ಇರುವುದೆಂದು ಅವರ ನಿಯಮ ಹೇಳುತ್ತಿತ್ತು. ಬುಟ್ಟಿಯನ್ನೂ ಬರಿದು ಮಾಡಿದೆವು. ಅಷ್ಟರ ಮೇಲೆ ಪ್ರತಿಯೊಂದು ಎಲ್ಲಿಯಾದರೂ ಉಳಿದಿದೆಯೋ ಇಲ್ಲವೋ ನೋಡುವ ಕಣ್ಣು ನಮಗಿಲ್ಲ.

ಮರುವಾರ ಆ ತಾಯಿಯ ಮನೆಗೆ ಹೋದೆವು. ಗಣಕದ ಮಾತು ಅವರಿಗೆ ತಿಳಿಯದು. “ಓಲೆಯ ಚಿತ್ರಗಳು ನಮ್ಮ ಅಜಾಗರೂಕತೆಯಿಂದ ಮನೆಯ ಹೊರಗೆ ಹೋದವು, ತಾಯಿ” ಎಂದಷ್ಟೇ ಹೇಳಿದೆವು.

“ಯಾರರೆ ಓದ್ಯಾರೇನ್ರಿ?”

“ಗೊತ್ತಿಲ್ಲ ತಾಯಿ. ಗೊತ್ತಾಗುವ ದಾರಿಯೂ ನಮಗಿಲ್ಲ.”

ಅವರು ಸೆರಗಿನ ಅಂಚನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕುಳಿತರು. “ಮುಚ್ಚಿಡಲಿಲ್ಲ, ಬಂದ ಹೇಳಿದ್ರಿ. ಆ ಹುಡುಗನ ಮ್ಯಾಲರೆ ಹಾಕಲಿಲ್ಲಲ್ರಿ, ಅಷ್ಟ ಸಾಕು” ಎಂದರು. ಆ ಮಾತಿಗೆ ನಾವು ಉತ್ತರ ಕೊಡಬೇಕಾಯಿತು. ಹನ್ನೊಂದು ದಿನ ಹಾಕಿದ್ದೆವೆಂದು ಹೇಳಿದೆವು. ಅವರು ನಮ್ಮ ಮುಖ ನೋಡಿದರು, ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ನಮಗೆ ಚಹಾ ತಂದಿಟ್ಟರು. ಹೊರಡುವಾಗ ಮಾತ್ರ, “ಆ ಡಬ್ಬಿಗೆ ತಂತಿ ಹಚ್ಚಬ್ಯಾಡ್ರಿ ಇನ್ನ” ಎಂದರು. ಹಾಗೆಯೇ ನಡೆದುಕೊಂಡಿದ್ದೇವೆ. ಓಲೆಯ ಚಿತ್ರಗಳೀಗ ಅಂತರ್ಜಾಲದ ತಂತಿಯೇ ಇಲ್ಲದ ಬೇರೊಂದು ಗಣಕದಲ್ಲಿವೆ.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟು. ಹೊರಗೆ ಹರಿಯುವ ಮಾಹಿತಿಯೆಲ್ಲವೂ ಕಳ್ಳತನವಲ್ಲ. ಗಣಕವು ಗಡಿಯಾರ ಸರಿಪಡಿಸಿಕೊಳ್ಳಲು, ವಿಳಾಸ ಹುಡುಕಲು, ತನ್ನನ್ನು ತಿದ್ದಿಕೊಳ್ಳಲು ಹೊರಗಿನವರೊಡನೆ ಸ್ವಲ್ಪ ಮಾತನಾಡುತ್ತಲೇ ಇರುತ್ತದೆ. ಆದರೆ ನಿಮ್ಮ ಮನೆಯ ಸಹಜವಾದ ಅಳತೆ ಏನೆಂಬುದು ನಿಮಗೆ ತಿಳಿದಿರಲಿ. ಆಗಲೇ ಅಸಹಜವು ಕಾಣುತ್ತದೆ. ಸಂಪರ್ಕದ ಪೆಟ್ಟಿಗೆಗೆ ಕಾರ್ಖಾನೆಯವರು ಇಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಿಸಿರಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಕಾರ್ಯಕ್ರಮವು ಅಂಥ ಪದಗಳಿಂದಲೇ ಲಕ್ಷಾಂತರ ಮನೆಗಳ ಉಪಕರಣಗಳನ್ನು ವಶಪಡಿಸಿಕೊಂಡಿತ್ತು. ಒಪ್ಪಿಗೆ ಕೇಳುವ ಪುಟವನ್ನು ಓದಿರಿ. ಮನೆಯ ಮಕ್ಕಳು “ಓದಿ ನೋಡಿ” ಎಂದರೆ ತಲೆಯೆತ್ತಿ ನೋಡಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನಾವಾದರೋ ಕಾಣದ್ದನ್ನೇ ಪ್ರಮಾಣವೆಂದು ನಂಬಿದ್ದೆವು.

ಪ್ರತಿ ತಿಂಗಳ ಮೊದಲ ದಿನ ಅಳತೆ ತೆಗೆಯುವ ಪರಿಪಾಠ ಇಂದಿಗೂ ನಡೆದಿದೆ. ಗ್ರಾಫ್ ಹಾಳೆ ಗೋಡೆಯ ಮೇಲಿದೆ. ಈಗ ಚುಕ್ಕೆ ಇಡುವವನು ಹುಡುಗ. ಅಂಕಿಗಳನ್ನು ಓದಿ ಹೇಳುವವರು ನಾವು. ಕೋಣೆಗೆ ಬೀಗವಿಲ್ಲ.