ಟನ್ನಿಗೆ ಮೂರು ಗ್ರಾಂ

1
ಜಿಗಣಿ ಕೈಗಾರಿಕಾ ಪ್ರದೇಶ. ಗ್ರಾನೈಟ್ ದಿಮ್ಮಿಗಳು ರಸ್ತೆ ಬದಿಯಲ್ಲೇ ಬಿದ್ದಿವೆ. ಮೈಮೇಲೆ ಬಣ್ಣದಲ್ಲಿ ನಂಬರು, ಅಳತೆ. ಹತ್ತಿರದಲ್ಲಿ ಕಾವಲುಗಾರ ಕಾಣಲಿಲ್ಲ. ಇಷ್ಟು ಭಾರದ್ದನ್ನು ಯಾರು ಹೊತ್ತೊಯ್ಯುತ್ತಾರೆ ಅನ್ನಿಸಿತು.

2
2010. ಕಾರವಾರದ ಕಡೆಯ ಬೇಲೆಕೇರಿ ಬಂದರು. ಅಧಿಕಾರಿಗಳು ಜಪ್ತಿ ಮಾಡಿಟ್ಟಿದ್ದ ಕಬ್ಬಿಣದ ಅದಿರಿನಲ್ಲಿ ಸುಮಾರು 5 ಲಕ್ಷ ಟನ್ ಇಲ್ಲವಾಯಿತು.

3
ಕೋಲಾರದ ಚಿನ್ನದ ಕಥೆ ಶುರುವಾಗುವುದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ಮೈಕೇಲ್ ಲವೆಲ್ ಐರಿಷ್ ಸೈನಿಕ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿದ್ದು ಬಂದವನು. ಆ ದೇಶದ ಒಟಾಗೋದಲ್ಲಿ 1861ರಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದಿದ್ದರು. ಬೆಂಗಳೂರಿನಲ್ಲಿ ನೆಲೆಸಿದ ಮೇಲೆ, ಲೆಫ್ಟಿನೆಂಟ್ ವಾರನ್ 1802ರಲ್ಲಿ ಕೋಲಾರದಲ್ಲಿ ಕಂಡದ್ದರ ವರದಿ ಇವನ ಕೈಗೆ ಸಿಕ್ಕಿತು. ಊರಿನವರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು ಎಂದು ವಾರನ್ ಬರೆದಿದ್ದ. ಲವೆಲ್ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು.

ಲವೆಲ್ ಹೆಸರಿನ ರಸ್ತೆ ಬೆಂಗಳೂರಿನಲ್ಲಿದೆ. ಮಣ್ಣು ತೊಳೆದವರಲ್ಲಿ ಒಬ್ಬರ ಹೆಸರೂ ನನಗೆ ಎಲ್ಲೂ ಸಿಕ್ಕಿಲ್ಲ.

4
ಕ್ಯಾಲಿಫೋರ್ನಿಯಾದಲ್ಲಿ ಬೇರೆ ರೀತಿ ನಡೆಯಿತು. 1848ರಲ್ಲಿ ಚಿನ್ನ ಕಂಡಿತು, ಗುದ್ದಲಿ ಹಿಡಿದವನೆಲ್ಲ ಬಂದ. 1851ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವರ್ತಕರು ತಾವೇ ಒಂದು ಸಮಿತಿ ಕಟ್ಟಿಕೊಂಡು, ತಿಜೋರಿ ಕದ್ದವನೊಬ್ಬನನ್ನು ನೇಣಿಗೇರಿಸಿದರು. ಅವನು ಆಸ್ಟ್ರೇಲಿಯಾದಿಂದ ಬಂದ ಗುಂಪಿನವನು. ಪೊಲೀಸರ ಕೆಲಸಕ್ಕೂ ಗುಂಪೇ, ಕಳ್ಳರದ್ದೂ ಗುಂಪೇ.

5
ಕೋಲಾರದ ಚಿನ್ನದ ಗಣಿ ಕೆಜಿಎಫ್‌ನಲ್ಲಿ ಗುದ್ದಲಿ ಹಿಡಿದವನಿಗೆ ಸಿಕ್ಕಿದ್ದು ಕೂಲಿ, ಲೈನ್ ಮನೆ. ಚಿನ್ನ ಕಂಪನಿಯದು. ಅದಿರಿನ ಚೂರು ಹೊರಗೆ ತಂದರೆ ಕಳ್ಳತನ. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸಲು ಕಂಪನಿ ಹೊರಟಿತು. ಸಾವಿರಾರು ಜನ ಕೆಲಸ ನಿಲ್ಲಿಸಿದರು. ನೆಲದಾಳದ ಬಿಸಿಗೆ, ಬಂಡೆ ಸಿಡಿತಕ್ಕೆ ಅಂಜದೆ ಇಳಿಯುತ್ತಿದ್ದ ಜನ ಅವರು.

6
ಜಿಗಣಿ, ಬೆಳಿಗ್ಗೆ ಶಿಫ್ಟ್. ಕಾರ್ಖಾನೆ ಗೇಟಿನಲ್ಲಿ ಸಾಲು. ಒಬ್ಬೊಬ್ಬರೂ ಬೆರಳು ಒತ್ತಿ ಒಳಗೆ ಹೋಗುತ್ತಾರೆ. ಯಾರೂ ನಿಂತು ಕೇಳುವುದಿಲ್ಲ.

7
ಕೆಜಿಎಫ್ ಇರುವುದು ಕೋಲಾರ ಜಿಲ್ಲೆಯಲ್ಲಿ. ಆದರೆ ಪೊಲೀಸರಿಗೆ ಅದೇ ಒಂದು ಜಿಲ್ಲೆ, ಅದಕ್ಕೇ ಒಬ್ಬರು ಎಸ್ಪಿ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಎಸ್ಪಿ ಕಚೇರಿ ಮುಚ್ಚಲಿಲ್ಲ.

8
ಸಂಘಟಿತ ಅಪರಾಧ ತಡೆಗೆ ಕರ್ನಾಟಕ ಮಾಡಿದ ಕಾಯಿದೆಯ ಹೆಸರಿನಲ್ಲಿರುವ ವರ್ಷ 2000.

9
ಬೆಂಗಳೂರಿನ ಭೂಗತ ಲೋಕದ ಹೆಸರುಗಳು: ಜಯರಾಜ್, ಕೊತ್ವಾಲ್ ರಾಮಚಂದ್ರ, ಆಯಿಲ್ ಕುಮಾರ್. ಜಯರಾಜ್ ಗರಡಿಯಿಂದ ಬಂದವನು, ‘ಗರೀಬಿ ಹಟಾವೋ’ ಎಂಬ ವಾರಪತ್ರಿಕೆ ನಡೆಸಿದ. ಕೊತ್ವಾಲ್ 1986ರಲ್ಲಿ ಕೊಲೆಯಾದ, ಜಯರಾಜ್ 1989ರಲ್ಲಿ. ಆ ಕಾಲವನ್ನು ಒಳಗಿದ್ದು ಕಂಡ ಅಗ್ನಿ ಶ್ರೀಧರ್ ‘ದಾದಾಗಿರಿಯ ದಿನಗಳು’ ಬರೆದರು.

ನೂರು ಕಿಲೋಮೀಟರಿನಷ್ಟು ದೂರದ ಕೆಜಿಎಫ್‌ನಲ್ಲಿ ಆಗಲೂ ಚಿನ್ನ ತೆಗೆಯುತ್ತಿದ್ದರು. ಕುಮಾರನಿಗೆ ಅಡ್ಡಹೆಸರು ಬಂದದ್ದು ಎಣ್ಣೆಯಿಂದ.

10
1962: ಕೆಜಿಎಫ್ ಗಣಿ ಕೇಂದ್ರ ಸರ್ಕಾರದ ಕೈಗೆ.
1963: ಚಿನ್ನ ನಿಯಂತ್ರಣದ ನಿಯಮ. ಹೊಸ ಒಡವೆ 14 ಕ್ಯಾರೆಟ್ ಮೀರುವಂತಿಲ್ಲ.
ನಂತರದ ವರ್ಷಗಳಲ್ಲಿ ಪಶ್ಚಿಮ ಕರಾವಳಿಗೆ ದೋಣಿಗಳಲ್ಲಿ ಚಿನ್ನದ ಬಿಸ್ಕತ್ತು ಬಂತು. ಚಿನ್ನ ನಿಯಂತ್ರಣ ಕಾಯಿದೆ ರದ್ದಾದದ್ದು 1990ರಲ್ಲಿ.

11
2018ರ ‘ಕೆ.ಜಿ.ಎಫ್’ ಚಿತ್ರದಲ್ಲಿ ಮುಂಬೈಯ ಗೂಂಡಾ ಚಿನ್ನದ ಗಣಿಗೆ ಬರುತ್ತಾನೆ. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುತ್ತಾರೆ. ರಾತ್ರಿ ವಾಪಸ್. ಚಿತ್ರವನ್ನು ಕೋಟಿಗಟ್ಟಲೆ ಜನ ನೋಡಿದರು. ಈ ರೈಲಿನ ಬಗ್ಗೆ ಯಾರಾದರೂ ಒಂದು ಚಿತ್ರ ಮಾಡಬೇಕು.

12
ಜಿಗಣಿಗೆ ಹತ್ತಿರದ ಹೊಸೂರು. 2021ರ ಜನವರಿ. ಒಡವೆ ಸಾಲ ಕೊಡುವ ಶಾಖೆಯೊಂದಕ್ಕೆ ಪಿಸ್ತೂಲು ಹಿಡಿದವರು ನುಗ್ಗಿ ಸುಮಾರು 25 ಕೆ.ಜಿ. ಒಡವೆ ಒಯ್ದರು. ಮರುದಿನ ಹೈದರಾಬಾದ್ ಬಳಿ ಸಿಕ್ಕಿಬಿದ್ದರು. ಒಡವೆಯ ಜೊತೆ ಜಿಪಿಎಸ್ ಇತ್ತು.

ಅಡವಿಟ್ಟ ಚಿನ್ನ. ಅದರಲ್ಲಿ ಎಷ್ಟು ತಾಳಿಗಳಿದ್ದವೋ.

13
2025ರ ಮಾರ್ಚ್. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ ಒಬ್ಬರೇ ಪ್ರಯಾಣಿಕರ ಬಳಿ 14.2 ಕೆ.ಜಿ. ಚಿನ್ನ ಸಿಕ್ಕಿತು.

ಕೆಜಿಎಫ್‌ನ ಆರಂಭದ ವರ್ಷಗಳಲ್ಲಿ ಟನ್ ಅದಿರಿಗೆ ನಲವತ್ತು ಗ್ರಾಮಿಗೂ ಹೆಚ್ಚು ಚಿನ್ನ ಬರುತ್ತಿತ್ತು. ಮುಚ್ಚುವ ಹೊತ್ತಿಗೆ ಸುಮಾರು 3 ಗ್ರಾಂ. ಆ ಲೆಕ್ಕದಲ್ಲಿ 14.2 ಕೆ.ಜಿ.ಗೆ ಸುಮಾರು 4,700 ಟನ್ ಬಂಡೆ ಒಡೆದು, ಮೇಲೆತ್ತಿ, ಪುಡಿ ಮಾಡಿ, ಅದರ ಚಿನ್ನವನ್ನು ಸೈನೈಡಿನಲ್ಲಿ ಕರಗಿಸಬೇಕು. ಹೀಗೆ ಚಿನ್ನ ತೆಗೆದು ಬಿಟ್ಟ ಪುಡಿ ಕೆಜಿಎಫ್‌ನಲ್ಲಿ 13 ಗುಡ್ಡಗಳಾಗಿ ನಿಂತಿದೆ. ಗಾಳಿ ಬೀಸಿದರೆ ಮನೆಯೊಳಗೆ ಬರುತ್ತದೆ.

14
ಜಿಗಣಿಯಲ್ಲೂ ಪುಡಿ. ಕಲ್ಲು ಕೊಯ್ಯುವಾಗ ನೀರಿನೊಡನೆ ಹರಿದು, ಒಣಗಿ, ಬೆಳ್ಳಗಾಗುತ್ತದೆ. ಪಾಲಿಶ್ ಮಾಡುವ ಹುಡುಗನ ರೆಪ್ಪೆ ಮೇಲೂ ಇತ್ತು.

15
ಭಾರತೀಯ ನ್ಯಾಯ ಸಂಹಿತೆ, 111ನೇ ಕಲಮು, 2024ರ ಜುಲೈ 1ರಿಂದ ಜಾರಿ. ಸಂಘಟಿತ ಅಪರಾಧದ ಪಟ್ಟಿಯಲ್ಲಿ ಅಪಹರಣ, ದರೋಡೆ, ಸುಲಿಗೆ, ಸುಪಾರಿ ಕೊಲೆಯ ಸಾಲಿನಲ್ಲೇ ಭೂಕಬಳಿಕೆಯೂ ಇದೆ. ಜಿಗಣಿ ಇರುವ ಆನೇಕಲ್ ತಾಲ್ಲೂಕಿನ ಖಾಲಿ ನಿವೇಶನಗಳ ಕಾಂಪೌಂಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು: ಈ ಸ್ವತ್ತು ಮಾರಾಟಕ್ಕಿಲ್ಲ. ಕೆಳಗೆ ಸರ್ವೆ ನಂಬರು, ಮಾಲೀಕರ ಹೆಸರು. ಕೆಲವು ಕಡೆ ಮಾಲೀಕರ ಹೆಸರಿಗೆ ಬಣ್ಣ ಬಳಿದು ಬೇರೆ ಹೆಸರು ಬರೆದಿದ್ದಾರೆ.