ತಿದಿ ಪೆಟ್ಟಿಗೆ

ನಮ್ಮ ಸೋದರಮಾವನ ಸ್ಟುಡಿಯೋ ತೀರ್ಥಹಳ್ಳಿಯ ಪೇಟೆಬೀದಿಯಲ್ಲಿತ್ತು. ಹೆಂಚಿನ ಮಾಡು, ಉತ್ತರದ ಇಳಿಜಾರಿಗೆ ಮಾತ್ರ ಗಾಜಿನ ಹೆಂಚು. ಕರೆಂಟು ನಂಬುವಂಥದ್ದಾಗಿರಲಿಲ್ಲ, ಮೇಲಿಂದ ಇಳಿಯುವ ಆ ತಣ್ಣನೆ ಬೆಳಕೇ ಬಂಡವಾಳ. 1963ರ ಬೇಸಿಗೆ ರಜೆಯಲ್ಲಿ ಅಮ್ಮ ನನ್ನನ್ನು ಅಲ್ಲಿಗೆ ಕಳಿಸಿದಳು. ನನಗಾಗ ಹದಿಮೂರು. ದಿನಕ್ಕೆ ನಾಲ್ಕಾಣೆ, ಮಧ್ಯಾಹ್ನದ ಊಟ.

ಕ್ಯಾಮೆರಾ ಎಂದರೆ ತೇಗದ ದೊಡ್ಡ ಪೆಟ್ಟಿಗೆ, ಹಿತ್ತಾಳೆ ತಿರುಪು, ನಡುವೆ ಮಡಿಕೆ ಮಡಿಕೆಯಾದ ಕಪ್ಪು ಚರ್ಮ. ಬೆಲ್ಲೋಸ್ ಎಂಬ ಮಾತನ್ನು ಮಾವ ಆಡುತ್ತಿರಲಿಲ್ಲ. ಕುಲುಮೆಗೂ ಹಾರ್ಮೋನಿಯಂಗೂ ಹೇಳುವಂತೆ ಇದಕ್ಕೂ ತಿದಿ ಎಂದೇ ಅನ್ನುತ್ತಿದ್ದರು. ಅದೆಷ್ಟು ಸರಿಯಾದ ಮಾತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅದು ಕೇರಳದ ಆಲಪ್ಪುಳದಲ್ಲಿ ಮಾಡಿದ ವಾಗೀಶ್ವರಿ ಕ್ಯಾಮೆರಾ. 1940ರ ದಶಕದಲ್ಲಿ ಅದನ್ನು ತಯಾರಿಸಲು ತೊಡಗಿದ ಕೆ. ಕರುಣಾಕರನ್ ಸಂಗೀತ ವಾದ್ಯಗಳ ರಿಪೇರಿ ಮಾಡುವ ಮನೆಯವರು. ಯಾರದೋ ಕ್ಯಾಮೆರಾದ ಕೆಟ್ಟ ತಿದಿಯನ್ನು ಸರಿಮಾಡಿಕೊಟ್ಟದ್ದೇ ಅವರ ಕಸುಬಿಗೆ ಮೊದಲಾಯಿತು.

ಸೇರಿದ ವಾರವೇ ನಾನು ಆ ಹಿತ್ತಾಳೆಯನ್ನೆಲ್ಲ ಹುಣಸೆಹುಳಿ ಹಚ್ಚಿ ತಿಕ್ಕಿದೆ, ಅಮ್ಮ ಕೊಳದಪ್ಪಲೆ ಬೆಳಗುವ ಹಾಗೆ. ಬಂಗಾರದಂತೆ ಹೊಳೆಯಿತು, ನಾನು ಹಿಗ್ಗಿದೆ. ಹದಿನೈದು ದಿನಕ್ಕೆ ಕಿಲುಬು ಹಿಡಿಯಿತು. ಮೇಲಿದ್ದ ಮೆರುಗೆಣ್ಣೆ ಹೋಗಿತ್ತು. ಮಾವ ಬೈಯಲಿಲ್ಲ, ಅದನ್ನು ಒರೆಸಿಡುವ ಕೆಲಸ ಮಾತ್ರ ಅಂದಿನಿಂದ ನನ್ನದೇ ಆಯಿತು.

ಕಪ್ಪು ಬಟ್ಟೆಯೊಳಗೆ ಮೊದಲ ಸಲ ತಲೆ ತೂರಿಸಿದಾಗ ಮಸುಕು ಗಾಜಿನಲ್ಲಿ ಮದುವೆ ಗಂಡು ಪೇಟದ ಮೇಲೆ ನಿಂತಿದ್ದ. ಎಡಕ್ಕಿದ್ದ ಹೆಣ್ಣು ಬಲಕ್ಕೆ ಬಂದಿದ್ದಳು. ನಾನು ಬಟ್ಟೆ ಸರಿಸಿ ಸರಿಸಿ ಅವರಿಬ್ಬರನ್ನು ನೋಡಿದೆ. "ತಲೆಕೆಳಗಾಗಿ ಚೆಂದ ಕಂಡದ್ದು ನೆಟ್ಟಗೂ ಚೆಂದವೇ ಇರುತ್ತೆ ಕಣೋ" ಅಂದರು ಮಾವ. ಆಮೇಲೆ ಲೆನ್ಸಿನ ಮುಚ್ಚಳ ತೆಗೆದು ಮೂರೆಣಿಸಿ ಮುಚ್ಚಿದರು. ಅರ್ಧ ಪ್ಲೇಟು, ಮೂರು ಪ್ರತಿ, ಏಳು ರೂಪಾಯಿ.

ಬಚ್ಚಲುಮನೆ ಪಕ್ಕದ ಸೌದೆ ಕೋಣೆಯೇ ಡಾರ್ಕ್‌ರೂಮು. ಕೆಂಪು ಗಾಜಿನ ಲಾಟೀನು, ಸೀಮೆಎಣ್ಣೆಯ ಹೊಗೆ, ಅಸಿಟಿಕ್ ಆಸಿಡ್ಡಿನ ಹುಳಿ ವಾಸನೆ. ಹೈಪೋದಿಂದ ತೆಗೆದ ಗಾಜನ್ನು ಹಂಡೆಯ ನೀರಲ್ಲಿ ತೊಳೆದು ನಾಗಂದಿಗೆಯ ಮೇಲೆ ಒರಗಿಸುತ್ತಿದ್ದೆವು. ಒಣಗಿದ ಮೇಲೆ ಮಾವ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ ಹಿಡಿದು ನೆಗೆಟಿವಿನ ಮೇಲೆ ಸಿಡುಬಿನ ಕಲೆಗಳನ್ನು ಒಂದೊಂದಾಗಿ ತುಂಬುತ್ತಿದ್ದರು. ಆ ಕಾಲದ ಮುಖಗಳಲ್ಲಿ ಅಂಥ ಕಲೆ ಬಹಳ. ಒಂದು ಮುಖಕ್ಕೆ ಒಂದು ತಾಸು ಹಿಡಿದದ್ದೂ ಉಂಟು. ಅದಕ್ಕೆ ಬೇರೆ ದುಡ್ಡು ಕೇಳಿದ್ದನ್ನು ನಾನು ಕಾಣೆ.

ರೋಲ್ ಫಿಲ್ಮು ಬಂತು, ಊಟಿಯಿಂದ 'ಇಂದು' ಕಂಪನಿಯ ಕಪ್ಪುಬಿಳುಪು ಸರಕು ಬಂತು, ಕೈಚೀಲದಲ್ಲಿ ಹಿಡಿಸುವ ಕ್ಯಾಮೆರಾ ಬಂತು. ತಿದಿ ಪೆಟ್ಟಿಗೆ ಅಟ್ಟಕ್ಕೇರಿತು. 1978ರಲ್ಲಿ ಮಾವ ಅಂಗಡಿ ಖಾಲಿ ಮಾಡುವಾಗ ಗಾಜಿನ ನೆಗೆಟಿವುಗಳನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದವನು ನಾನೇ. ಫೋಟೋ ಕಟ್ಟು ಹಾಕುವವರು ಡಜನ್ನಿಗೆ ಎರಡು ರೂಪಾಯಿ ಕೊಟ್ಟರು. ಅರ್ಧ ಊರಿನ ಮುಖ ಆ ದಿನ ಬಚ್ಚಲಲ್ಲಿ ಹರಿದುಹೋಯಿತು. ಆಗ ಯಾರಿಗೂ ಅದು ಬೇಕಿರಲಿಲ್ಲ.

ಈಗ ನನ್ನ ಹತ್ತಿರ ಇಂಥ ಐದು ಕ್ಯಾಮೆರಾ ಇವೆ. ಮಾವನದು ಒಂದು. ಇಂಗ್ಲೆಂಡಿನ ಆಲ್ಟ್ರಿಂಚಮ್ಮಿನ ಥಾರ್ನ್‌ಟನ್ ಪಿಕಾರ್ಡ್ ಒಂದು, ಬೆಂಗಳೂರಿನ ಸಂಡೇ ಬಜಾರಿನಲ್ಲಿ 1994ರಲ್ಲಿ 1,200 ರೂಪಾಯಿಗೆ ಸಿಕ್ಕಿದ್ದು. ಇವನ್ನು ಹೋಟೆಲಿನವರು ಒಳಗೆ ಬಲ್ಬು ಇಟ್ಟು ಅಲಂಕಾರಕ್ಕೆ ನಿಲ್ಲಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಾನೂ ಬಲ್ಬು ಇಡುತ್ತೇನೆ, ಆದರೆ ಕತ್ತಲಲ್ಲಿ, ತಿದಿಯಲ್ಲಿ ತೂತು ಎಲ್ಲಿದೆ ಎಂದು ಹುಡುಕಲು. ಚುಕ್ಕೆ ಬೆಳಕು ಕಂಡಲ್ಲಿ ಕಪ್ಪು ಬಟ್ಟೆಯ ತೇಪೆ.

ಪ್ಲೇಟು ಸಿಗದ್ದಕ್ಕೆ ಆಸ್ಪತ್ರೆಯ ಎಕ್ಸ್‌ರೇ ಫಿಲ್ಮನ್ನು ಕೆಂಪು ದೀಪದಲ್ಲಿ ಕತ್ತರಿಸಿ ಹಾಕುತ್ತೇನೆ. ಎರಡೂ ಮೈಗೆ ಮದ್ದು ಬಳಿದಿರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ. ಹಾಗಾಗಿ ತಟ್ಟೆಯ ತಳಕ್ಕೆ ನುಣ್ಣನೆ ಗಾಜು ಹಾಸಬೇಕು. ನಾನು ಹಾಸುವುದು ಅಂದು ಮಾರದೆ ಉಳಿದ ಮಾವನ ಗಾಜು.

ಈ ಮಳೆಗೆ ಮರ ಉಬ್ಬಿ ಪ್ಲೇಟಿನ ಚೌಕಟ್ಟು ಬಿಗಿದುಕೊಂಡಿದೆ. ದೀಪಾವಳಿ ಹೊತ್ತಿಗೆ ಸಡಿಲವಾಗುತ್ತದೆ. ಅಲ್ಲಿಯವರೆಗೆ ಫಿಲ್ಮಿನ ಪೊಟ್ಟಣ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ.