ಮಿಠಾಯಿ ಡಬ್ಬಿ ಮ್ಯಾಲೆ ನನ್ನ ಕೆರಿ

ಹ್ವಾದ ದೀಪಾವಳಿಗೆ ಬಾಜೂಮನಿ ವೈನಿ ಮಿಠಾಯಿ ಡಬ್ಬಿ ತಂದುಕೊಟ್ರು. ನೋಡಿದ್ರ ಡಬ್ಬಿ ಮ್ಯಾಲೆ ನಾ ಬಿಡಿಸಿದ ಸಾಧನಕೇರಿ! ಅದಽ ಕೆರಿ, ಅದಽ ಬಾಗಿದ ಗಿಡ, ನೀರಾಗ ಅದರ ನೆರಳು. ನನ್ನ ಸಹಿ ಇದ್ದ ಮೂಲಿ ಮಾತ್ರ ಕತ್ತರಿಸಿಬಿಟ್ಟಿದ್ರು.

"ಭಾಳ ರೊಕ್ಕಾ ಕೊಟ್ಟಿರಬೇಕಲ್ರೀ ನಿಮಗ" ಅಂದ್ರು ವೈನಿ. ಏನು ಹೇಳ್ಲಿ? ಕೊಟ್ಟಿದ್ದು ಮೂರು ಸಾವಿರ, ಅದರಾಗ ಫ್ರೇಮ್ ಹಾಕಿಸಿದ್ದೂ ನಾನಽ.

ಅಂಗಡಿಯವರು ನಮ್ಮ ಮನಿಯವರ ಪರಿಚಯದವರು. "ಗೋಡಿಗೆ ಹಾಕ್ಲಿಕ್ಕೆ ಒಂದು ಕೆರಿ ಚಿತ್ರ ಬಿಡಿಸಿಕೊಡ್ರಿ" ಅಂದಿದ್ರು. ಗೋಡಿಗೆ ಅಂದ್ರ ಗೋಡಿಗೆ ಅಂತ ನಾ ತಿಳ್ಕೊಂಡಿದ್ದೆ. ಅವತ್ತು ರಾತ್ರಿ ನಿದ್ದಿ ಬರಲಿಲ್ಲ.

ಮರುದಿನ ವಕೀಲಿ ಮಾಡೋ ಕಾಕಾನ ಮಗಳಿಗೆ ಫೋನ್ ಹಚ್ಚಿದೆ. ಅಕಿ ಮೊದಲ ಕೇಳಿದ್ದು, "ಅಕ್ಕಾ, ಬಿಡಿಸಿಟ್ಟಿದ್ದನ್ನ ಮಾರಿದ್ಯೋ, ಅವರು ಹೇಳಿದ ಮ್ಯಾಲೆ ಬಿಡಿಸಿದ್ಯೋ?"

"ಅವರು ಹೇಳಿದ ಮ್ಯಾಲೆ."

"ಹಂಗಾರ ಕಷ್ಟ" ಅಂದ್ಲು.

1957ರ ಕಾಪಿರೈಟ್ ಕಾಯ್ದೆದಾಗ ಹಿಂಗದ ನೋಡ್ರಿ. ನಮ್ಮಷ್ಟಕ್ಕ ನಾವು ಬಿಡಿಸಿದ ಚಿತ್ರ ಮಾರಿದ್ರ ಹೋಗೋದು ಹಾಳಿ ಅಷ್ಟಽ. ಅದನ್ನ ಅಚ್ಚು ಹಾಕಿಸೋ ಹಕ್ಕು ನಾವು ಬರದು ಕೊಡೋ ತನಕ ನಮ್ಮ ಕಡೆನಽ ಉಳೀತದ. ಆದ್ರ ಒಬ್ಬರು ರೊಕ್ಕಾ ಕೊಟ್ಟು ಹೇಳಿ ಬಿಡಿಸಿಕೊಂಡ್ರ, ಬ್ಯಾರೆ ಕರಾರು ಇಲ್ಲಂದ್ರ, ಆ ಹಕ್ಕು ಅವರದಽ. ನನಗಂತೂ ಉಲ್ಟಾ ಇರಬೇಕು ಅನಿಸಿತ್ತು. ಇಷ್ಟು ವರ್ಷ ಬಣ್ಣಾ ಹಚ್ಚಿದ್ರೂ ಇದು ಗೊತ್ತಿರಲಿಲ್ಲ.

"ಒಂದು ಮಾತ್ರ ನಿನ್ನದಽ ಉಳೀತದ ಅಕ್ಕಾ. ಇದು ನಾ ಬಿಡಿಸಿದ್ದು ಅಂತ ಹೇಳಿಕೊಳ್ಳೋ ಹಕ್ಕು. ಹೆಸರು ಹಾಕ್ರಿ ಅಂತ ಕೇಳು" ಅಂದ್ಲು.

ಅಂಗಡಿಗೆ ಹೋದೆ. ಮನಿಯವರು "ಯಾಕ ಬೇಕು ಬಿಡು, ಪರಿಚಯದವರು" ಅಂತನಽ ಇದ್ರು. ಮಾಲಕರು ಪಾಪ, "ಅಯ್ಯ ಅಕ್ಕಾರ, ಡಿಸೈನ್ ಮಾಡೋ ಹುಡುಗ ತಗದಾನ" ಅಂದ್ರು. ಮುಂದಿನ ಡಬ್ಬಿಗೆ ಸಣ್ಣ ಅಕ್ಷರದಾಗ ಹೆಸರು ಬಂತು. ರೊಕ್ಕದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಇನ್ನೂ ಚುಚ್ಚತದ.

ಈಗ ಯಾರು ಬಿಡಿಸಿಕೊಡು ಅಂದ್ರೂ ಮೊದಲ ಒಂದು ಚೀಟಿ ಬರೀತೀನಿ: ತಾರೀಖು, ಅಳತಿ, ರೇಟು, "ಇದು ಮನ್ಯಾಗ ಹಾಕ್ಲಿಕ್ಕೆ ಮಾತ್ರ, ಅಚ್ಚು ಹಾಕಿಸೋ ಹಕ್ಕು ಬಿಡಿಸಿದಾಕಿದು" ಅಂತ ಒಂದು ಸಾಲು, ಕೆಳಗ ಇಬ್ಬರ ಸಹಿ. ಅರ್ಧಾ ರೊಕ್ಕಾ ಮುಂಗಡ. ಕೊಡೋಕಿಂತ ಮೊದಲ ಚಿತ್ರದ್ದು ಚಲೋ ಫೋಟೋ ತಗದಿಟ್ಕೋತೀನಿ.

ರೇಟಿಂದು ಬೆಂಗಳೂರಿನ ಚಿತ್ರಸಂತ್ಯಾಗ ಕಲತದ್ದು. ಜನವರಿಯೊಳಗ ಕುಮಾರಕೃಪಾ ರಸ್ತೆದಾಗ ಚಿತ್ರಕಲಾ ಪರಿಷತ್ತಿನವರು ಮಾಡ್ತಾರಲ್ಲ, ಅಲ್ಲೆ. ಬಾಜೂ ಕೂತಿದ್ದ ಅಜ್ಜಾರು "ಮಾರಿ ನೋಡಿ ರೇಟು ಹೇಳಬ್ಯಾಡವಾ, ಅಳತಿ ನೋಡಿ ಹೇಳು" ಅಂದ್ರು. ನಾ ಚದರ ಇಂಚಿಗೆ 20 ರೂಪಾಯಿ ಹಿಡಿದೀನಿ. 15ಕ್ಕ 11 ಇಂಚಿನ ಹಾಳಿ ಅಂದ್ರ 3,300, ಫ್ರೇಮ್ ಬ್ಯಾರೆ. ಹಿಂಗ ಇಟ್ಕೊಂಡ ಮ್ಯಾಲೆ ಮಾವಶಿಗೊಂದು, ಪರಕೀಯರಿಗೊಂದು ಅನ್ನೋ ಜಗಳ ಇಲ್ಲ.

ಮೊನ್ನೆ ನಾದಿನಿ ಮನಿ ಶಾಂತಿಗೆ ಗಣಪತಿ ಬೇಕು ಅಂತ ಬಂದಿದ್ಲು. ಚೀಟಿ ಮುಂದ ಇಟ್ಟೆ. "ನನಗೂ ಏನ್ ವೈನಿ?" ಅಂತ ಬಿದ್ದುಬಿದ್ದು ನಕ್ಕಳು. ಸಹಿ ಮಾಡಿ ಮುಂಗಡಾನೂ ಕೊಟ್ಟು ಹೋದ್ಲು.